ಸ್ಪೋರ್ಟ್ಸ್ ಕಾರಿನ ಎಂಜಿನ್ ಹೋದಾಗ: ಆಯಿಲ್ ಬದಲಿಸುವ ಲೆಕ್ಕ ಬರೆದವರು ಯಾರು?

2018ರ ನವೆಂಬರ್‌ನಲ್ಲಿ ಸುಬಾರು ಕಂಪನಿ ಜಗತ್ತಿನ ತುಂಬ ಸುಮಾರು 4 ಲಕ್ಷ ಕಾರುಗಳನ್ನು ವಾಪಸ್ ಕರೆಯಿತು. ಕಾರಣ ಒಂದು ಸಣ್ಣ ಸ್ಪ್ರಿಂಗ್. ಎಂಜಿನ್‌ನ ವಾಲ್ವ್ ಮುಚ್ಚುವ ಸ್ಪ್ರಿಂಗ್ ಮುರಿಯಬಹುದು ಎಂಬ ಭಯ. ಆ ಪಟ್ಟಿಯಲ್ಲಿ 2013ರ ಮಾಡೆಲ್‌ನ ಬಿಆರ್‌ಝಡ್ ಸ್ಪೋರ್ಟ್ಸ್ ಕಾರು ಇತ್ತು. ಅದರ ಅವಳಿ, ಟೊಯೊಟಾ ಕಡೆಯ ಕಾರೂ ಇತ್ತು. ಅಮೆರಿಕದಲ್ಲಿ ಅದು ಸಯಾನ್ ಎಫ್‌ಆರ್-ಎಸ್ ಎಂಬ ಹೆಸರಲ್ಲಿ ಮಾರಾಟವಾಗುತ್ತಿತ್ತು. ಮಾಲೀಕರಿಗೆ ಪತ್ರ ಹೋಯಿತು. ಚೆನ್ನಾಗಿ ಓಡುತ್ತಿದ್ದ ಕಾರನ್ನು ಅವರೇ ಓಡಿಸಿಕೊಂಡು ಹೋಗಿ ಡೀಲರ್ ಹತ್ತಿರ ಬಿಟ್ಟರು. ಸ್ಪ್ರಿಂಗ್ ಬದಲಾಯಿತು, ಕಾರು ಮನೆಗೆ ಬಂತು. ಅದಾದ ಮೇಲೆ ಕೆಲವರ ಎಂಜಿನ್ ಸತ್ತೇಹೋಯಿತು.

ಹೀಗೆ ಯಾಕಾಯಿತು ಎಂದು ತಿಳಿಯಲು ಆ ಎಂಜಿನ್ ಹೇಗಿದೆ ಎಂದು ಸ್ವಲ್ಪ ನೋಡಬೇಕು. ಸುಬಾರು ಎಂಜಿನ್‌ನ ಸಿಲಿಂಡರ್‌ಗಳು ನೆಟ್ಟಗೆ ನಿಂತಿರುವುದಿಲ್ಲ. ಎರಡು ಕಡೆಗೆ ಅಡ್ಡಡ್ಡ ಮಲಗಿರುತ್ತವೆ. ವಾಲ್ವ್ ಸ್ಪ್ರಿಂಗ್ ಕೈಗೆ ಸಿಗಬೇಕಾದರೆ ಎಂಜಿನ್ ಕೆಳಗಿಳಿಸಬೇಕು. ಮುಂದಿನ ಕವರ್ ಬಿಚ್ಚಬೇಕು, ವಾಲ್ವ್ ತೆರೆಯುವ ಕ್ಯಾಮ್ ಹೊತ್ತ ಭಾಗಗಳನ್ನೂ ಬಿಚ್ಚಬೇಕು. ವಾಪಸ್ ಕೂರಿಸುವಾಗ ಸಂದು ಮುಚ್ಚಲು ಅಲ್ಲಿ ಗ್ಯಾಸ್ಕೆಟ್ ಇಲ್ಲ. ಟ್ಯೂಬಿನಿಂದ ಟೂತ್‌ಪೇಸ್ಟ್ ಹಿಂಡಿದ ಹಾಗೆ ಸಿಲಿಕೋನ್ ಸೀಲಂಟ್ ಹಿಂಡಿ ಅಂಟಿಸಬೇಕು. ಸ್ವಲ್ಪ ಕಡಿಮೆಯಾದರೆ ಆಯಿಲ್ ಸೋರುತ್ತದೆ. ಜಾಸ್ತಿಯಾದರೆ ಎರಡೂ ಕಡೆ ಉಬ್ಬಿ ಬರುತ್ತದೆ. ಹೊರಗೆ ಉಬ್ಬಿದ್ದನ್ನು ಬಟ್ಟೆಯಲ್ಲಿ ಒರೆಸಬಹುದು. ಒಳಗೆ ಉಬ್ಬಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಅಲ್ಲೇ ಒಣಗಿ ರಬ್ಬರ್ ಹುಳುವಿನಂತೆ ನೇತಾಡುತ್ತದೆ. ಬಿಸಿ ಆಯಿಲ್ ಬಡಿದೂ ಬಡಿದೂ ಒಂದು ದಿನ ಕಳಚಿ ಬೀಳುತ್ತದೆ.

ಬಿದ್ದದ್ದು ಆಯಿಲ್ ಜೊತೆ ಹರಿದು ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ, ಅಂದರೆ ಸಂಪ್‌ಗೆ ಬರುತ್ತದೆ. ಸಂಪ್‌ನಲ್ಲಿ ಆಯಿಲ್ ಹೀರುವ ಕೊಳವೆ ಇದೆ, ಅದರ ಬಾಯಿಗೆ ಜರಡಿ ಇದೆ. ಚೂರು ಹೋಗಿ ಜರಡಿಗೆ ಕೂರುತ್ತದೆ. ಊರೊಳಗೆ ನಿಧಾನಕ್ಕೆ ಓಡಿಸುವಾಗ ಏನೂ ಗೊತ್ತಾಗಲ್ಲ. 7,000 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 7,000 ಸುತ್ತಿಗೆ ಒತ್ತಿದಾಗ ಎಂಜಿನ್ ಜಾಸ್ತಿ ಆಯಿಲ್ ಕೇಳುತ್ತದೆ. ಆಗ ಪಂಪ್ ಎಳೆಯುತ್ತದೆ, ಆದರೆ ಜರಡಿ ಬಿಡುವುದಿಲ್ಲ. ಆಯಿಲ್ ಪ್ರೆಶರ್ ಕುಸಿಯುತ್ತದೆ, ಬೇರಿಂಗ್ ಒಣಗುತ್ತದೆ, ಪಿಸ್ಟನ್‌ಗೆ ಸೇರಿದ ಕನೆಕ್ಟಿಂಗ್ ರಾಡ್ ಬಡಿಯತೊಡಗುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಆ ದೀಪ ಪ್ರೆಶರ್ ತೀರಾ ತಳ ಮುಟ್ಟಿದಾಗ ಮಾತ್ರ ಹತ್ತುವಂಥದ್ದು.

ಕೈಚಳಕ ಬೇಕಾದ ಇಂಥ ಕೆಲಸವನ್ನು ಅವಸರದಲ್ಲಿ ಯಾಕೆ ಮಾಡುತ್ತಾರೆ? ಅಮೆರಿಕದ ಡೀಲರ್ ಶಾಪ್‌ಗಳಲ್ಲಿ ಬಹಳಷ್ಟು ಮೆಕ್ಯಾನಿಕ್‌ಗಳಿಗೆ ಗಂಟೆಯ ಸಂಬಳವಿಲ್ಲ. ಒಂದೊಂದು ಕೆಲಸಕ್ಕೆ ಇಷ್ಟು ಗಂಟೆ ಎಂದು ಕಂಪನಿ ಮೊದಲೇ ಬರೆದಿಟ್ಟಿರುತ್ತದೆ. ಹತ್ತು ಗಂಟೆ ಎಂದು ಬರೆದ ಕೆಲಸಕ್ಕೆ ಹದಿನೈದು ಗಂಟೆ ಹಿಡಿದರೂ ಹತ್ತರ ದುಡ್ಡೇ ಸಿಗುವುದು. ವಾರಂಟಿ ಮತ್ತು ರೀಕಾಲ್ (ಕಾರು ವಾಪಸ್ ಕರೆಸಿ ಸರಿಮಾಡುವ) ಕೆಲಸಕ್ಕೆ ಕಂಪನಿ ಬರೆಯುವ ಗಂಟೆ ಇನ್ನೂ ಬಿಗಿ. ಸೀಲಂಟ್ ಒಣಗಲಿ ಎಂದು ಕಾಯುವ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಹೀಗಾಗಿ ಮೆಕ್ಯಾನಿಕ್ ಒಬ್ಬನನ್ನೇ ಬೈದು ಪ್ರಯೋಜನವಿಲ್ಲ ಎಂದು ನನಗೆ ಅನ್ನಿಸುತ್ತದೆ. ಎಂಜಿನ್ ಕಳೆದುಕೊಂಡ ಮಾಲೀಕರು ಕೋರ್ಟಿಗೆ ಹೋದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಇದೇ ಕಾರಿನ ಮುಂದಿನ ಪೀಳಿಗೆ 2022ರ ಮಾಡೆಲ್ ಆಗಿ ಬಂತು, ಹೆಸರು ಜಿಆರ್86. 2.4 ಲೀಟರ್ ಎಂಜಿನ್, 228 ಅಶ್ವಶಕ್ತಿ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದ್ದರೂ ಈ ಕಾರು ನಮ್ಮಲ್ಲಿ ಮಾರಾಟಕ್ಕಿಲ್ಲ. ಅಮೆರಿಕದಲ್ಲಿ ಇದನ್ನು ಕೊಂಡವರಿಗೆ ಟೊಯೊಟಾ ಒಂದು ಮೋಟರ್ ಸ್ಪೋರ್ಟ್ ಸಂಘದ ಒಂದು ವರ್ಷದ ಸದಸ್ಯತ್ವವನ್ನೂ, ಟ್ರ್ಯಾಕ್ ಮೇಲೆ ಕಲಿಯುವ ಒಂದು ದಿನವನ್ನೂ ಉಚಿತವಾಗಿ ಕೊಡುತ್ತಿತ್ತು. ಆ ವರ್ಷವೇ ಒಬ್ಬ ಮಾಲೀಕನ ಎಂಜಿನ್ ಹೋಯಿತು. ಸಂಪ್ ಬಿಚ್ಚಿದಾಗ ಆಯಿಲ್ ಹೀರುವ ಬಾಯಲ್ಲಿ ಸೀಲಂಟ್ ಚೂರುಗಳಿದ್ದವು. ಈ ಸಲ ಯಾವ ಡೀಲರ್ ಎಂಜಿನ್ ಬಿಚ್ಚಿ ಅಂಟು ಹಾಕಿರಲಿಲ್ಲ, ಕಾರ್ಖಾನೆಯಿಂದಲೇ ಬಂದದ್ದು. ಆದರೂ ಮೊದಲು ವಾರಂಟಿ ಸಿಗಲಿಲ್ಲ. ಕಾರು ಡ್ರಿಫ್ಟ್ ಮಾಡುತ್ತಿರುವ ಫೋಟೊ ಸೋಶಿಯಲ್ ಮೀಡಿಯಾದಲ್ಲಿತ್ತು. ಅದನ್ನೇ ತೋರಿಸಿ ಇದು ದುರುಪಯೋಗ ಅಂದರು. ಸುದ್ದಿ ಪತ್ರಿಕೆಗಳಿಗೆ ಬಂದು ಗದ್ದಲವಾದ ಮೇಲೆ ಕಂಪನಿ ಎಂಜಿನ್ ಸರಿಮಾಡಿಕೊಡಲು ಒಪ್ಪಿತು.

ಈ ಘಟನೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಟ್ರ್ಯಾಕ್‌ಗೆ ಹೋಗಿ ಎಂದು ಕೈಗೆ ಟಿಕೆಟ್ ಕೊಟ್ಟ ಕಂಪನಿಯೇ ಅದು. ತಪ್ಪು ಯಾರದು ಎಂದು ಹೇಳುವ ಸಾಕ್ಷಿ ಸಂಪ್‌ನಲ್ಲಿ ಕಣ್ಣಿಗೆ ಕಾಣುವಂತೆ ಬಿದ್ದಿತ್ತು. ಆದರೂ ಅವರು ಹುಡುಕಿಕೊಂಡು ಹೋಗಿದ್ದು ಫೋಟೊ.

ಸೆಕೆಂಡಿಗೆ 133 ಸುತ್ತು

ಮಾಮೂಲಿ ಕಾರಿಗಿಂತ ಸ್ಪೋರ್ಟ್ಸ್ ಕಾರಿಗೆ ಆಯಿಲ್ ಯಾಕೆ ಅಷ್ಟು ಮುಖ್ಯ? ಇದಕ್ಕೆ ಬಿಎಂಡಬ್ಲ್ಯು ಎಂ3 ಕಥೆಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. 2001ರಿಂದ 2003ರವರೆಗೆ ಅಮೆರಿಕದಲ್ಲಿ ಮಾರಿದ ಎಂ3 ಕಾರುಗಳಲ್ಲಿ ಎಸ್54 ಎಂಬ ಆರು ಸಿಲಿಂಡರ್ ಎಂಜಿನ್ ಇತ್ತು. 3,246 ಸಿಸಿ. 8,000 ಆರ್‌ಪಿಎಂವರೆಗೆ ಕೂಗುತ್ತಾ ಹೋಗುವ ಎಂಜಿನ್. ಕೇಳಿದವರಿಗೆ ಗೊತ್ತು, ಆ ಸದ್ದು ಮರೆಯುವಂಥದ್ದಲ್ಲ.

8,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 133 ಸುತ್ತು. ಒಂದೊಂದು ಸುತ್ತಿಗೂ ಪಿಸ್ಟನ್ ಎರಡು ಸಲ ನಿಂತು ಹಿಂದೆ ತಿರುಗಬೇಕು. ಈ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 91 ಮಿಲಿಮೀಟರ್. ಲೆಕ್ಕ ಹಾಕಿದರೆ ಸರಾಸರಿ ವೇಗ ಸೆಕೆಂಡಿಗೆ 24 ಮೀಟರ್, ಅಂದರೆ ಗಂಟೆಗೆ 87 ಕಿಲೋಮೀಟರ್ ಹತ್ತಿರ. ಆ ವೇಗದಿಂದ ನಿಂತು ಮತ್ತೆ ಆ ವೇಗಕ್ಕೆ ಹೋಗುವುದು ಸೆಕೆಂಡಿಗೆ 266 ಸಲ. ಈ ಹೊಡೆತವೆಲ್ಲ ಬೀಳುವುದು ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು, ಅಂದರೆ ಎಂಜಿನ್‌ನ ತಿರುಗುವ ಮುಖ್ಯ ದಂಡವನ್ನು, ತಬ್ಬಿಕೊಂಡ ಕಡೆ. ಅಲ್ಲಿರುವುದು ಎರಡು ಅರ್ಧಚಂದ್ರದ ಹಾಗಿರುವ ಬೇರಿಂಗ್ ತಗಡು. ಆ ತಗಡಿಗೂ ಕ್ರ್ಯಾಂಕಿಗೂ ನಡುವೆ ಆಯಿಲ್‌ನ ಒಂದು ಪದರ, ಕೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ತೆಳು. ಪದರ ಇರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ. ಹಾಗಿದ್ದರೆ ಬೇರಿಂಗ್ ಲಕ್ಷ ಲಕ್ಷ ಕಿಲೋಮೀಟರ್ ಬಾಳುತ್ತದೆ. ಪದರ ಹರಿದರೆ ಕೆಲವು ಸೆಕೆಂಡು ಸಾಕು.

ಎಸ್54ನಲ್ಲಿ ಆ ಬೇರಿಂಗ್‌ಗಳೇ ಹೋಗತೊಡಗಿದವು. ಕೊನೆಗೆ ಬಿಎಂಡಬ್ಲ್ಯು ಆ ಮೂರು ವರ್ಷದ ಕಾರುಗಳನ್ನು ಕರೆಸಿ ಬೇರಿಂಗ್ ಬದಲಿಸಿತು, ಆಯಿಲ್ ಪಂಪನ್ನೂ ಬದಲಿಸಿತು. ಅಮೆರಿಕದಲ್ಲಿ ಎಂಜಿನ್ ವಾರಂಟಿಯನ್ನು 6 ವರ್ಷ ಅಥವಾ 1 ಲಕ್ಷ ಮೈಲಿಗೆ ಏರಿಸಿತು. ಅದು ಒಳ್ಳೆಯ ಕೆಲಸ, ಒಪ್ಪಬೇಕು. 2007ರಲ್ಲಿ ಬಂದ ಮುಂದಿನ ಎಂ3ಗೆ 4 ಲೀಟರ್‌ನ ಎಂಟು ಸಿಲಿಂಡರ್ ಎಂಜಿನ್ ಹಾಕಿದರು, ಎಸ್65. ಅದು 8,400ರವರೆಗೆ ತಿರುಗುತ್ತಿತ್ತು. ಅದರಲ್ಲೂ ಅದೇ ಬೇರಿಂಗ್ ತೊಂದರೆ. ಈ ಸಲ ರೀಕಾಲ್ ಇಲ್ಲ. ಎಂಜಿನ್ ಕಟ್ಟುವ ಹೊರಗಿನ ಪರಿಣತರು ಬಿಚ್ಚಿ ಅಳೆದು, ಬೇರಿಂಗ್‌ಗೂ ಕ್ರ್ಯಾಂಕಿಗೂ ಬಿಟ್ಟ ಸಂದು ತೀರಾ ಕಿರಿದಾಯಿತು ಎಂದು ವಾದಿಸಿದರು. ಇವತ್ತು ಹಳೇ ಎಂ3 ಕೊಳ್ಳುವವರು ಟೈರ್ ಬದಲಿಸುವ ಹಾಗೆ ಬೇರಿಂಗ್ ಬದಲಿಸಿಯೇ ಓಡಿಸುತ್ತಾರೆ. ಕೊಂಡ ದಿನವೇ ಆ ದುಡ್ಡನ್ನು ಬೇರೆ ಎತ್ತಿಡುತ್ತಾರೆ.

ಈ ಎಂಜಿನ್‌ಗಳಿಗೆ ಕಂಪನಿ ಹೇಳಿದ ಆಯಿಲ್ 10ಡಬ್ಲ್ಯು-60. ಬಿಸಿಯಾದಾಗ ಬೇರೆ ಆಯಿಲ್‌ಗಳಿಗಿಂತ ದಪ್ಪ ಉಳಿಯುತ್ತದೆ, ಅದಕ್ಕೇ ಅದನ್ನು ಆರಿಸಿದ್ದು. ತಣ್ಣಗಿದ್ದಾಗಲೂ ದಪ್ಪವೇ. ಕಿರಿದಾದ ಸಂದಿಗೆ ದಪ್ಪ ತಣ್ಣನೆ ಆಯಿಲ್ ಹೋಗುವುದು ಕಷ್ಟ. ಕಂಪನಿಗೂ ಇದು ಗೊತ್ತಿತ್ತು. ಎಂ3ರ ಟ್ಯಾಕೋಮೀಟರ್ (ಆರ್‌ಪಿಎಂ ತೋರಿಸುವ ಮೀಟರ್) ನೋಡಿದವರಿಗೆ ನೆನಪಿರಬಹುದು: ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದಾಗ 4,000ದಿಂದ ಮೇಲೆ ಮುಳ್ಳಿನ ಸುತ್ತ ಕಿತ್ತಳೆ ಬಣ್ಣದ ಸಣ್ಣ ದೀಪಗಳು ಸಾಲಾಗಿ ಹತ್ತಿರುತ್ತವೆ. ಆಯಿಲ್ ಬಿಸಿಯಾದ ಹಾಗೆ ಅವು ಒಂದೊಂದಾಗಿ ಆರುತ್ತಾ ಹೋಗುತ್ತವೆ. ದೀಪ ಆರುವವರೆಗೆ ಅದರ ಮೇಲೆ ಹೋಗಬೇಡ ಎಂದು ಕಾರೇ ಕೈಮುಗಿದು ಕೇಳುವ ಹಾಗೆ. ಸ್ಪೋರ್ಟ್ಸ್ ಕಾರಿನಲ್ಲಿ ನಾನು ಕಂಡ ಅತಿ ಪ್ರಾಮಾಣಿಕ ಮೀಟರ್ ಅದು.

ಮೂರೇ ಸಲ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಆ ಕಾಲದಲ್ಲಿ ಬಿಎಂಡಬ್ಲ್ಯು ಅಮೆರಿಕದಲ್ಲಿ ಹೇಳುತ್ತಿದ್ದ ಆಯಿಲ್ ಅವಧಿ ಸುಮಾರು 15,000 ಮೈಲಿ, ಅಂದರೆ 24,000 ಕಿಲೋಮೀಟರ್. ಕಾರಿನ ಜೊತೆ 4 ವರ್ಷ ಅಥವಾ 50,000 ಮೈಲಿ ಉಚಿತ ಸರ್ವಿಸ್ ಬರುತ್ತಿತ್ತು. ಎರಡನ್ನೂ ಸೇರಿಸಿ ನೋಡಿ. 50,000 ಮೈಲಿಯಲ್ಲಿ ಆಯಿಲ್ ಬದಲಾಗುವುದು ಮೂರು ಸಲ. ಮೂರೇ ಸಲ!

ಎಂ3 ಥರದ ಎಂ ಕಾರುಗಳಿಗೆ ಮಾತ್ರ ಇನ್ನೊಂದು ಇತ್ತು. ಹೊಸ ಕಾರು 1,200 ಮೈಲಿ ಓಡಿದ ಕೂಡಲೇ ಆಯಿಲ್ ತೆಗೆದು ಹೊಸದು ಹಾಕಬೇಕು ಎಂಬ ನಿಯಮ. ಹೊಸ ಎಂಜಿನ್ ಸವೆದು ಹೊಂದಿಕೊಳ್ಳುವಾಗ ಬಿಡುವ ಲೋಹದ ಪುಡಿ ಒಳಗೆ ಸುತ್ತಬಾರದು ಎಂದು. ಹಳೇ ಆಯಿಲ್ ಒಳಗಿದ್ದರೆ ಏನಾಗುತ್ತದೆ ಎಂದು ಬಲ್ಲವರೇ ಈ ನಿಯಮ ಬರೆದದ್ದು. ಹಾಗಾದರೆ 1,200ರಲ್ಲಿ ಅಷ್ಟು ಕಾಳಜಿ ಮಾಡಿದವರು ಮುಂದೆ 15,000 ಮೈಲಿ ಯಾಕೆ ಬಿಟ್ಟರು?

ನನ್ನ ತಿಳುವಳಿಕೆ ಇಷ್ಟು. ಆಯಿಲ್ ದುಡ್ಡು ಮಾಲೀಕನ ಜೇಬಿನಿಂದ ಹೋಗುವವರೆಗೆ ಬೇಗ ಬೇಗ ಬದಲಿಸಿ ಎಂದು ಹೇಳುವುದು ಡೀಲರ್‌ಗೆ ಲಾಭ. ಆ ದುಡ್ಡು ಕಂಪನಿಯ ಜೇಬಿಗೆ ಬಂದಾಗ ಲೆಕ್ಕ ತಿರುಗುತ್ತದೆ. ಜೊತೆಗೆ, ಕಡಿಮೆ ಸರ್ವಿಸ್ ಬೇಕಾದ ಕಾರು ಎಂಬುದು ಮಾರಾಟಕ್ಕೂ ಒಳ್ಳೆಯ ಮಾತು. ಆ ದೊಡ್ಡ ಅವಧಿಯಲ್ಲಿ ಎಂಜಿನ್ ವಾರಂಟಿ ಮುಗಿಯುವವರೆಗೆ ಬಾಳಿದರೆ ಕಂಪನಿಯ ಲೆಕ್ಕ ಸರಿಹೋಯಿತು. ಮೊದಲ ಮಾಲೀಕನ ಲೆಕ್ಕವೂ ಸರಿಹೋಯಿತು, ಯಾಕೆಂದರೆ ಮೂರ್ನಾಲ್ಕು ವರ್ಷಕ್ಕೆ ಅವನು ಲೀಸ್ ಮುಗಿಸಿ ಬೇರೆ ಕಾರು ತೆಗೆದುಕೊಳ್ಳುತ್ತಾನೆ. ಸಾಲಮಾಡಿ, ಆಸೆಪಟ್ಟು, ಆರನೇ ವರ್ಷದಲ್ಲಿ ಆ ಕಾರು ಕೊಳ್ಳುವ ಎರಡನೇ ಮಾಲೀಕನ ಲೆಕ್ಕ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಸರ್ವಿಸ್ ಪುಸ್ತಕದ ತುಂಬ ಸೀಲು ಬಿದ್ದಿರುತ್ತದೆ, ಎಲ್ಲವೂ ನಿಯಮದ ಪ್ರಕಾರವೇ ನಡೆದಿರುತ್ತದೆ. ಎಂಜಿನ್ ಹೋಗುವುದು ಮಾತ್ರ ಇವನ ಕೈಯಲ್ಲಿ. ಮುಂದೆ ಬಿಎಂಡಬ್ಲ್ಯು ತಾನಾಗಿಯೇ 15,000 ಮೈಲಿಯನ್ನು 10,000ಕ್ಕೆ ಇಳಿಸಿತು. ಎಂ3 ಮೇಲೆ ಪ್ರೀತಿ ಇಟ್ಟವರು ಅದಕ್ಕೂ ಮೊದಲೇ ಅರ್ಧಕ್ಕೆ, 7,500 ಮೈಲಿಗೆ ಬದಲಿಸುತ್ತಿದ್ದರು.

ಆಯಿಲ್ ಹಳತಾಗುವುದು ಅಂದರೆ ಬರೀ ಕಪ್ಪಾಗುವುದಲ್ಲ. ಬಿಸಿಯಾದಾಗಲೂ ದಪ್ಪ ಉಳಿಯಲಿ ಎಂದು ಆಯಿಲ್‌ಗೆ ಉದ್ದನೆಯ ಎಳೆಗಳಂಥ ರಾಸಾಯನಿಕ ಸೇರಿಸಿರುತ್ತಾರೆ. ಜಾಸ್ತಿ ಆರ್‌ಪಿಎಂನಲ್ಲಿ ಆ ಎಳೆಗಳು ತುಂಡಾಗುತ್ತವೆ, ಆಯಿಲ್ ತೆಳುವಾಗುತ್ತದೆ. ಪೆಟ್ರೋಲ್ ಸ್ವಲ್ಪ ಸ್ವಲ್ಪ ಒಳಗೆ ಇಳಿದು ಇನ್ನೂ ತೆಳು ಮಾಡುತ್ತದೆ. ಉರಿತದಿಂದ ಹುಟ್ಟುವ ಆಮ್ಲವನ್ನು ತಣಿಸಲು ಹಾಕಿದ ಕ್ಷಾರ ಖರ್ಚಾಗುತ್ತಾ ಬರುತ್ತದೆ. ಇದ್ಯಾವುದೂ ಡಿಪ್ ಸ್ಟಿಕ್ ಎಳೆದು ನೋಡಿದರೆ ಕಾಣುವುದಿಲ್ಲ. ಈಗಿನ ಎಷ್ಟೋ ಜರ್ಮನ್ ಕಾರುಗಳಲ್ಲಿ ಎಳೆದು ನೋಡಲು ಆ ಕಡ್ಡಿಯೇ ಇಲ್ಲ, ಪರದೆಯ ಮೇಲೆ ತೋರಿಸಿದ್ದನ್ನೇ ನಂಬಬೇಕು.

ಕಾಣಬೇಕಾದರೆ ಲ್ಯಾಬ್‌ಗೆ ಕಳಿಸಬೇಕು. ಅಮೆರಿಕದ ಇಂಡಿಯಾನಾದಲ್ಲಿರುವ ಬ್ಲ್ಯಾಕ್‌ಸ್ಟೋನ್‌ನಂಥ ಲ್ಯಾಬ್‌ಗಳಿಗೆ ಸಣ್ಣ ಬಾಟಲಿಯಲ್ಲಿ ಹಳೇ ಆಯಿಲ್ ಕಳಿಸಿದರೆ ಅದರಲ್ಲಿ ಸೀಸ ಎಷ್ಟು, ತಾಮ್ರ ಎಷ್ಟು, ಕಬ್ಬಿಣ ಎಷ್ಟು ಎಂದು ಬರೆದು ಕೊಡುತ್ತವೆ. ಸೀಸ, ತಾಮ್ರ ಏರುತ್ತಿದ್ದರೆ ಬೇರಿಂಗ್ ಸವೆಯುತ್ತಿದೆ ಎಂದರ್ಥ. ಆದರೆ ಅದನ್ನೇ ಪೂರ್ತಿ ನಂಬಿ ಕೂರುವ ಹಾಗಿಲ್ಲ. ಲ್ಯಾಬ್‌ನ ಯಂತ್ರಕ್ಕೆ ಕಾಣುವುದು ತೀರಾ ನುಣ್ಣನೆ ಪುಡಿ ಮಾತ್ರ, ದೊಡ್ಡ ಚೂರು ಕಾಣುವುದಿಲ್ಲ. ಎಸ್65ನಲ್ಲಿ ನಡುವೆ ಸೀಸವಿಲ್ಲದ ಬೇರಿಂಗ್ ಬಂತು, ಅಂಥ ಕಾರಿನ ರಿಪೋರ್ಟ್‌ನಲ್ಲಿ ಸೀಸ ಹುಡುಕಿದರೆ ಸಿಗುವುದೇ ಇಲ್ಲ.

ಆಯಿಲ್ ಎಷ್ಟು ಬೇಗ ಬದಲಿಸಿದರೂ ಉಳಿಯದ ಎಂಜಿನ್‌ಗಳೂ ಇವೆ, ಅದನ್ನೂ ಹೇಳಿಬಿಡಬೇಕು. ಪೋರ್ಷೆಯ ಬಾಕ್ಸ್‌ಟರ್ ಮತ್ತು 911ರಲ್ಲಿದ್ದ ಎಂ96 ಎಂಜಿನ್ ಅಂಥದ್ದು. ಒಳಗೆ ಆಳದಲ್ಲಿ ಒಂದು ಶಾಫ್ಟ್, ಅದರ ತುದಿಗೆ ಗ್ರೀಸ್ ತುಂಬಿ ಮುಚ್ಚಿದ ಒಂದು ಬಾಲ್ ಬೇರಿಂಗ್. ಸೀಲ್ ಹಳತಾದ ಮೇಲೆ ಗ್ರೀಸ್ ತೊಳೆದುಹೋಗಿ ಬೇರಿಂಗ್ ಪುಡಿಯಾದರೆ ಇಡೀ ಎಂಜಿನ್ ಹೋಯಿತು. ಅಮೆರಿಕದಲ್ಲಿ ಮಾಲೀಕರು ಸೇರಿ ಹೂಡಿದ ಮೊಕದ್ದಮೆ 2013ರಲ್ಲಿ ರಾಜಿಯಾಯಿತು, ಅದಕ್ಕೆ ಒಳಪಟ್ಟದ್ದು 2001ರಿಂದ 2005ರವರೆಗೆ ತಯಾರಾದ ಕಾರುಗಳು. ಇದು ವಿನ್ಯಾಸದ ತಪ್ಪು, ಮಾಲೀಕನ ತಪ್ಪಲ್ಲ. ಆದರೂ ಇಲ್ಲೂ ಆಯಿಲ್ ಸರ್ವಿಸ್ ಕೆಲಸಕ್ಕೆ ಬಂತು. ತೆಗೆದ ಫಿಲ್ಟರ್‌ನಲ್ಲಿ ಲೋಹದ ಚೂರು ಕಂಡವರು ಅಲ್ಲಿಗೇ ಕಾರು ನಿಲ್ಲಿಸಿ ಎಂಜಿನ್ ಉಳಿಸಿಕೊಂಡದ್ದುಂಟು. ಎರಡು ವರ್ಷಕ್ಕೊಮ್ಮೆ ಫಿಲ್ಟರ್ ತೆಗೆಯುವವರಿಗೆ ಆ ಅವಕಾಶ ಎಲ್ಲಿ ಸಿಗುತ್ತದೆ?

2025ರ ಏಪ್ರಿಲ್‌ನಲ್ಲಿ ನಡೆದದ್ದು ಇನ್ನೂ ಹತ್ತಿರದ ಉದಾಹರಣೆ. ಅದು ಸ್ಪೋರ್ಟ್ಸ್ ಕಾರಲ್ಲ, ಜನರಲ್ ಮೋಟರ್ಸ್‌ನ ದೊಡ್ಡ ಪಿಕಪ್ ಮತ್ತು ಎಸ್‌ಯುವಿ. 6.2 ಲೀಟರ್‌ನ ಎಂಟು ಸಿಲಿಂಡರ್ ಎಂಜಿನ್. ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್‌ನಲ್ಲಿ ದೋಷ ಎಂದು ಅಮೆರಿಕ ಒಂದರಲ್ಲೇ ಸುಮಾರು 6 ಲಕ್ಷ ವಾಹನಗಳನ್ನು ಕರೆಸಿದರು. ಪರೀಕ್ಷೆಯಲ್ಲಿ ಫೇಲ್ ಆದವಕ್ಕೆ ರಿಪೇರಿ ಅಥವಾ ಹೊಸ ಎಂಜಿನ್. ಪಾಸ್ ಆದವಕ್ಕೆ ಏನು ಗೊತ್ತಾ? ತೆಳುವಾದ 0ಡಬ್ಲ್ಯು-20 ತೆಗೆದು ದಪ್ಪನೆಯ 0ಡಬ್ಲ್ಯು-40 ಆಯಿಲ್, ಹೊಸ ಫಿಲ್ಟರ್, ಆಯಿಲ್ ಹುಯ್ಯುವ ಕಡೆ ಹೊಸ ಮುಚ್ಚಳ. ತೆಳು ಆಯಿಲ್ ಮೈಲೇಜಿಗೆ ಒಳ್ಳೆಯದು, ಸರ್ಕಾರದ ಇಂಧನ ನಿಯಮಕ್ಕೂ ಒಳ್ಳೆಯದು. ಬೇರಿಂಗ್ ಉಳಿಸಬೇಕಾಗಿ ಬಂದಾಗ ಕಂಪನಿಯೇ ದಪ್ಪ ಆಯಿಲ್‌ಗೆ ಹೋಯಿತು.

ಸಾಕ್ಷಿ ಯಾರ ಹತ್ತಿರ ಇದೆ

ಎಂಜಿನ್ ಹೋದ ದಿನ ಸರ್ವಿಸ್ ಸೆಂಟರ್‌ನ ಮೇಜಿನ ಎರಡು ಕಡೆ ಇಬ್ಬರು ಕೂತಿರುತ್ತಾರೆ. ಆ ಕಡೆಯವರ ಹತ್ತಿರ ಕಾರಿನ ಕಂಪ್ಯೂಟರ್ ಇದೆ. ಪೋರ್ಷೆ ಕಾರುಗಳಲ್ಲಿ ಎಂಜಿನ್ ಎಷ್ಟು ಸಲ ಮಿತಿ ಮೀರಿ ತಿರುಗಿತು, ಎಷ್ಟನೇ ಗಂಟೆಯಲ್ಲಿ ತಿರುಗಿತು ಎಂಬುದೆಲ್ಲ ಬೇರೆ ಬೇರೆ ಹಂತಗಳಲ್ಲಿ ದಾಖಲಾಗಿರುತ್ತದೆ. ಈ ಕಡೆಯವನ ಹತ್ತಿರ ಒಂದಿಷ್ಟು ಬಿಲ್ಲು. ಬಿಲ್ಲಿನ ಮೇಲೆ "ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್" ಎಂದು ಬರೆದಿರುತ್ತದೆ. ನಿಜವಾಗಿ ಏನು ಮಾಡಿದರು ಎಂಬುದಕ್ಕೆ ಸಾಕ್ಷಿ ಏನೂ ಇಲ್ಲ. ಆಯಿಲನ್ನು ಡ್ರೈನ್ ಬೋಲ್ಟ್ ಬಿಚ್ಚಿ ಬಿಟ್ಟರೋ, ಮೇಲಿಂದ ಪೈಪ್ ಇಳಿಸಿ ಹೀರಿದರೋ? ಯಾವ ಗ್ರೇಡ್ ಹಾಕಿದರು? ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿದ್ದು, ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿ, ಹೈವೇಯಲ್ಲಿ ಆಯಿಲ್ ಪೂರ್ತಿ ಚಿಮ್ಮಿಹೋದ ಕಥೆ ಎಲ್ಲ ಊರಿನ ಗ್ಯಾರೇಜಿನಲ್ಲೂ ಇದೆ. ಆಯಿಲ್ ಬದಲಿಸುವುದು ಸುಲಭದ ಕೆಲಸ ಎಂದು ಹೊಸ ಹುಡುಗರಿಗೆ ಕೊಡುತ್ತಾರೆ. ಅದಕ್ಕೇ ಅಲ್ಲಿ ತಪ್ಪು ಜಾಸ್ತಿ.

ಅಮೆರಿಕದಲ್ಲಿ 1975ರಿಂದ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಇದೆ. ಹೊರಗೆ ಆಯಿಲ್ ಬದಲಿಸಿದ್ದಕ್ಕೇ ವಾರಂಟಿ ಹೋಯಿತು ಎಂದು ಕಂಪನಿ ಹೇಳುವ ಹಾಗಿಲ್ಲ. ಹೊರಗಿನ ಆಯಿಲ್ ಅಥವಾ ಕೆಲಸದಿಂದಲೇ ಎಂಜಿನ್ ಕೆಟ್ಟಿತು ಎಂದು ಕಂಪನಿ ತೋರಿಸಬೇಕು. ನಮ್ಮಲ್ಲೂ ಇದರ ಹತ್ತಿರದ ಮಾತು ಬಂದಿದೆ, ಆದರೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ 2,500 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತು. ಬಿಡಿಭಾಗ ಮತ್ತು ಪರೀಕ್ಷಾ ಉಪಕರಣಗಳನ್ನು ಹೊರಗಿನ ಗ್ಯಾರೇಜ್‌ಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂದಿತು. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿಯೇ ಇಲ್ಲ ಎಂಬ ಸಾರಾಸಗಟು ಷರತ್ತು ಹಾಕಬಾರದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಶೋರೂಂನಲ್ಲಿ ಸರ್ವಿಸ್ ಅಡ್ವೈಸರ್ ಇವತ್ತಿಗೂ ಹೇಳುವುದು ಹಳೇ ಮಾತೇ: "ಹೊರಗೆ ಮಾಡಿಸಿದ್ರೆ ವಾರಂಟಿ ಹೋಗುತ್ತೆ ಸಾರ್."

ದೂರು ಕೊಡಬೇಕಾದರೆ ಒಂದು ವಿಷಯ ತಿಳಿದಿರಲಿ. ಈಗಿನ ನಿಯಮದಲ್ಲಿ ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅದಕ್ಕೂ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ, ಅಂದರೆ ನಮಗೆ ಬೆಂಗಳೂರು. ಎಷ್ಟೋ ಹೊಸ ಸ್ಪೋರ್ಟ್ಸ್ ಕಾರುಗಳು ಈ ಎರಡನೇ ಸಾಲಿಗೆ ಬೀಳುತ್ತವೆ.

ಬೆಂಗಳೂರಿನ ಸ್ಪೋರ್ಟ್ಸ್ ಕಾರುಗಳ ಕಷ್ಟವೇ ಬೇರೆ. ಅವು ಜಾಸ್ತಿ ಓಡಿ ಹಾಳಾಗುವುದಿಲ್ಲ, ಓಡದೆ ಹಾಳಾಗುತ್ತವೆ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಒಂದು ಸುತ್ತು, ಮಿಕ್ಕ ಆರು ದಿನ ಬೇಸ್‌ಮೆಂಟ್‌ನಲ್ಲಿ ಕವರ್ ಹೊದ್ದು ನಿಂತಿರುತ್ತವೆ. ನಡುವೆ ಒಮ್ಮೆ ಕಾಫಿ ಕುಡಿಯಲು ಮೂರು ಕಿಲೋಮೀಟರ್. ಆ ಮೂರು ಕಿಲೋಮೀಟರ್‌ನಲ್ಲಿ ನೀರು ಬಿಸಿಯಾಗುತ್ತದೆ, ಮುಳ್ಳು ಮಧ್ಯಕ್ಕೆ ಬರುತ್ತದೆ, ಆಯಿಲ್ ಮಾತ್ರ ಇನ್ನೂ ಬೆಚ್ಚಗೂ ಆಗಿರುವುದಿಲ್ಲ. ಒಳಗೆ ಸೇರಿದ ಪೆಟ್ರೋಲ್ ಮತ್ತು ತೇವ ಆವಿಯಾಗಿ ಹೋಗಬೇಕಾದರೆ ಆಯಿಲ್ ಚೆನ್ನಾಗಿ ಕಾದು ಸ್ವಲ್ಪ ಹೊತ್ತು ಹಾಗೇ ಇರಬೇಕು. ವರ್ಷಕ್ಕೆ 2,000 ಕಿಲೋಮೀಟರ್ ಓಡಿದ ಕಾರಿನ ಮಾಲೀಕ "ಇನ್ನೂ 13,000 ಇದೆಯಲ್ಲ, ಸರ್ವಿಸ್ ಯಾಕೆ?" ಎಂದು ಕೇಳುತ್ತಾನೆ. ಅವನ ಆಯಿಲ್ ಅಷ್ಟರಲ್ಲಿ ಹೈವೇಯಲ್ಲಿ 15,000 ಓಡಿದ ಆಯಿಲ್‌ಗಿಂತ ಕೆಟ್ಟಿರಬಹುದು. ನನ್ನನ್ನು ಕೇಳಿದರೆ ಇಂಥ ಕಾರಿಗೆ ವರ್ಷಕ್ಕೆ ಒಂದು ಸಲ, ಕಿಲೋಮೀಟರ್ ನೋಡದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈ ರೇಸ್ ಟ್ರ್ಯಾಕ್‌ಗೆ ಹೋಗಿ ಬಂದರೆ ಮತ್ತೊಂದು ಸಲ. ಎಂಟು ಲೀಟರ್ ಒಳ್ಳೆ ಆಯಿಲ್‌ನ ದುಡ್ಡು ಸಣ್ಣದಲ್ಲ, ನನಗೂ ಗೊತ್ತು. ಹೊಸ ಎಂಜಿನ್ನಿನ ಬಿಲ್ಲು ನೋಡಿದವರಿಗೆ ಅದು ಸಣ್ಣದಾಗಿ ಕಾಣುತ್ತದೆ.

ನನ್ನ ಗೆಳೆಯನೊಬ್ಬ ಹೀಗೆ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡ. ಎಂಟು ವರ್ಷದ ಕಾರು, ಪುಸ್ತಕದಲ್ಲಿ ಎಲ್ಲ ಸರ್ವಿಸ್ ಸೀಲೂ ಇತ್ತು. ಕೊನೆಯ ಸರ್ವಿಸ್ ಆಗಿ ಎಂಟು ತಿಂಗಳಾಗಿತ್ತು, ಅದನ್ನು ಅವನೇ ಕಂಪನಿ ಡೀಲರ್ ಹತ್ತಿರ ಮಾಡಿಸಿದ್ದ. ಆದರೂ ಒಮ್ಮೆ ನೋಡಿಬಿಡೋಣ ಎಂದು ವಿಲ್ಸನ್ ಗಾರ್ಡನ್‌ನ ಒಂದು ಗ್ಯಾರೇಜಿಗೆ ಹೋದೆವು. ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಹತ್ತು ಕಿಲೋಮೀಟರ್ ಓಡಿಸಿಕೊಂಡು ಬನ್ನಿ, ಆಯಿಲ್ ಬಿಸಿ ಇರಬೇಕು ಅಂದರು. ಬಂದ ಮೇಲೆ ಆಯಿಲ್ ಇಳಿಸಿದರು. ಫಿಲ್ಟರ್ ಡಬ್ಬಿಯ ಮುಚ್ಚಳ ತಿರುಗಿಸಿ ಒಳಗಿನ ಪೇಪರ್ ಫಿಲ್ಟರ್ ಹೊರತೆಗೆದರು. ಮಡಿಕೆಗಳು ಒಂದಕ್ಕೊಂದು ಅಂಟಿ ಒಳಕ್ಕೆ ಕುಸಿದಿದ್ದವು. ಅವರು ಅದರ ತುದಿಯ ಪ್ಲಾಸ್ಟಿಕ್ ಬಳೆಯನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದರು.

"ಸಾರ್, ಇದು ಎಂಟು ತಿಂಗಳದ್ದಲ್ಲ. ಡೇಟ್ ನೋಡಿ."

ಅಲ್ಲಿ ಅಚ್ಚಾಗಿದ್ದ ತಯಾರಿಕೆ ದಿನಾಂಕ ನಾಲ್ಕು ವರ್ಷ ಹಿಂದಿನದು. ಗೋಡೌನ್‌ನಲ್ಲಿ ಉಳಿದಿದ್ದ ಹಳೇ ಸ್ಟಾಕ್ ಇರಬಹುದಲ್ಲ ಎಂದು ಗೆಳೆಯ ಕೇಳಿದ. ಮೇಸ್ತ್ರಿ ಮಾತಾಡದೆ ಅಂಟಿದ ಮಡಿಕೆಗಳನ್ನು ತೋರಿಸಿದರು. ಎಂಟು ತಿಂಗಳಿಗೆ ಪೇಪರ್ ಹಾಗಾಗುವುದಿಲ್ಲ.

ಆಮೇಲೆ ಬ್ಲೇಡ್ ತೆಗೆದುಕೊಂಡು ಪೇಪರನ್ನು ಎರಡು ಕಡೆ ಕೊಯ್ದು ಉದ್ದಕ್ಕೆ ಬಿಡಿಸಿ ಹಳೇ ನ್ಯೂಸ್ ಪೇಪರ್ ಮೇಲೆ ಹರಡಿದರು. ಟಾರ್ಚ್ ಹಾಕಿದಾಗ ಕಪ್ಪು ಆಯಿಲ್ ನಡುವೆ ಚಿನ್ನದ ರಜದ ಹಾಗೆ ಏನೋ ಮಿಂಚಿತು. ಆಯಸ್ಕಾಂತ ಹಿಡಿದರು, ಅಂಟಲಿಲ್ಲ. ಹಾಗಾದರೆ ಕಬ್ಬಿಣವಲ್ಲ, ಬೇರಿಂಗ್ ಇರಬೇಕು ಅಂದರು. ಸಂಪ್ ಬಿಚ್ಚಿಸಿದೆವು. ಮೂರು ದಿನದ ಮೇಲೆ ಬೇರಿಂಗ್ ತಗಡುಗಳು ಬೆಂಚಿನ ಮೇಲೆ ಸಾಲಾಗಿ ಕೂತಿದ್ದವು. ಬೂದು ಬಣ್ಣ ಇರಬೇಕಾದ ಕಡೆ ಎರಡರಲ್ಲಿ ಬೆರಳಗಲ ತಾಮ್ರ ಕಾಣುತ್ತಿತ್ತು. ಕ್ರ್ಯಾಂಕಿಗೆ ಗೀರು ಬಿದ್ದಿರಲಿಲ್ಲ. ಇನ್ನೂ ಎಷ್ಟು ದಿನ ಓಡುತ್ತಿತ್ತು ಎಂದು ಕೇಳಿದೆ. ಹೇಳಕ್ಕಾಗಲ್ಲ ಸಾರ್, ಒಂದು ಭಾನುವಾರನೂ ಆಗ್ಬೋದು, ಒಂದು ವರ್ಷನೂ ಆಗ್ಬೋದು ಅಂದರು.

ಗೆಳೆಯ ಆ ಫಿಲ್ಟರ್ ಮತ್ತು ಬಿಲ್ಲು ತೆಗೆದುಕೊಂಡು ಡೀಲರ್ ಹತ್ತಿರ ಹೋದ. ಸರ್ವಿಸ್ ಮ್ಯಾನೇಜರ್ ಎರಡನ್ನೂ ನೋಡಿದರು. ಫಿಲ್ಟರ್‌ನ ದುಡ್ಡು ವಾಪಸ್ ಕೊಡುತ್ತೇವೆ ಅಂದರು. ಬೇರಿಂಗ್ ಮಾತು ಎತ್ತಿದಾಗ, ನೀವು ಹೊರಗೆ ಬಿಚ್ಚಿಸಿದ್ದೀರಿ, ನಾವೇನೂ ಹೇಳಲು ಬರುವುದಿಲ್ಲ ಅಂದರು. ಅಲ್ಲಿಂದೀಚೆಗೆ ಅವನು ಸರ್ವಿಸ್ ದಿನ ರಜೆ ಹಾಕಿ ಪಕ್ಕದಲ್ಲೇ ನಿಲ್ಲುತ್ತಾನೆ. ಆಯಿಲ್ ಡಬ್ಬದ ಸೀಲ್ ತನ್ನ ಕಣ್ಣೆದುರು ಒಡೆಸುತ್ತಾನೆ. ಖಾಲಿ ಡಬ್ಬಕ್ಕೆ ತೂತು ಹಾಕಿಸುತ್ತಾನೆ, ಮತ್ತೆ ಯಾರೂ ಅದರಲ್ಲಿ ಡೂಪ್ಲಿಕೇಟ್ ತುಂಬಬಾರದು ಎಂದು. ಹಳೇ ಫಿಲ್ಟರ್ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಮನೆಗೆ ತರುತ್ತಾನೆ.

ಹೊಸ ಬೇರಿಂಗ್ ಹಾಕಿ 1,500 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅದೇ ಗ್ಯಾರೇಜಿಗೆ ಹೋದೆವು. ಮೇಸ್ತ್ರಿ ಫಿಲ್ಟರ್ ಕೊಯ್ದು ಹರಡಿದರು, ಟಾರ್ಚನ್ನು ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ಓಡಿಸಿದರು. ಬರೀ ಆಯಿಲ್. ಅವರು ಟಾರ್ಚ್ ಆರಿಸಿ, ಕೈ ಒರೆಸಿಕೊಂಡು, ಹೊಸ ಡಬ್ಬ ತರಲು ಹುಡುಗನನ್ನು ಕೂಗಿದರು.